ನೀನು ಕುಳಿತಾಗಲೇ ಯಾಕಮ್ಮಾ?

“ನೀನು ಕುಳಿತಾಗಲೇ ಯಾಕಮ್ಮಾ ಹೀಗಾಗುವುದು?”

ಮಂಡ್ಯದ ಔಷಧದ ಅಂಗಡಿಯೊಂದರಲ್ಲಿ ಮೊನ್ನೆ ಕೇಳಿದ ಈ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಯಜಮಾನರು ದನಿ ಏರಿಸಲಿಲ್ಲ, ಬೈಯಲೂ ಇಲ್ಲ. ವೈದ್ಯರ ಚೀಟಿ ಹಿಡಿದು ನಿಂತಿದ್ದ ಗಿರಾಕಿಗಳ ಎದುರಿಗೆ ಬೇಸತ್ತವರಂತೆ ಕೇಳಿದರು, ಅಷ್ಟೇ. ಇಂಟರ್‌ನೆಟ್ ಸಂಪರ್ಕ ಮತ್ತೆ ತಪ್ಪಿ ಬಿಲ್ ನಿಂತಿತ್ತು. ಕಂಪ್ಯೂಟರಿನ ಮುಂದಿದ್ದ ಹುಡುಗಿ, “ನಾನು ಏನನ್ನೂ ಮುಟ್ಟಿಲ್ಲ ಅಣ್ಣಾ” ಎಂದು ಬಿಲ್ ಪುಸ್ತಕ ಎಳೆದುಕೊಂಡು ಕೈಯಲ್ಲಿ ಬರೆಯತೊಡಗಿದಳು.

ಸಣ್ಣ ಅಂಗಡಿ, ಕಚೇರಿಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವುದು ನನ್ನ ಕಸುಬು. ಈ ಅಂಗಡಿ ಇರುವುದು ಜಿಲ್ಲಾ ಆಸ್ಪತ್ರೆಯ ಕಡೆಗೆ ಹೋಗುವ ರಸ್ತೆಯಲ್ಲಿ. ಯಜಮಾನರಿಗೆ ಇನ್ನೊಂದು ಅಂಗಡಿಯೂ ಇದೆ. ಎರಡರ ದಾಸ್ತಾನೂ ಇಂಟರ್‌ನೆಟ್ ಮೂಲಕ ಒಂದೇ ಲೆಕ್ಕದಲ್ಲಿ ಓಡುತ್ತದೆ. ಸಂಪರ್ಕ ತಪ್ಪಿದರೆ ಬಿಲ್ ಇಲ್ಲ. ಆಗ ಕೈಯಲ್ಲಿ ಬರೆದು, ಬಾಗಿಲು ಹಾಕುವ ಹೊತ್ತಿಗೆ ಅಷ್ಟನ್ನೂ ಕಂಪ್ಯೂಟರಿಗೆ ತುಂಬಿಸಬೇಕು. ತುಂಬಿಸುವವಳು ಅವಳೇ. ಅಷ್ಟರಲ್ಲಿ ಬಸರಾಳಿಗೆ ಹೋಗುವ ಅವಳ ಬಸ್ ಹೊರಟುಹೋಗಿರುತ್ತದೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ಕುರ್ಚಿಯಲ್ಲಿ ಯಜಮಾನರ ಅಕ್ಕನ ಮಗ ಕುಳಿತಿರುತ್ತಾನೆ. ಅವನ ಹೊತ್ತಿನಲ್ಲಿ ತೊಂದರೆ ಕಾಣಿಸಿಕೊಂಡೇ ಇಲ್ಲವಂತೆ. ಇಂಟರ್‌ನೆಟ್ ಕಂಪನಿಯವರು ಬಂದದ್ದೂ ಬೆಳಿಗ್ಗೆಯೇ. ವೇಗ ಅಳೆದು, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದರು. ಹೊಸ ರೂಟರ್ ಬಂದರೂ ಸಂಜೆಯ ಗೋಳು ತಪ್ಪಲಿಲ್ಲ. ಇನ್ನು ಉಳಿದದ್ದು ಯಾರು? ಆ ಹುಡುಗಿ. ಅವಳ ಮೊಬೈಲಿನಿಂದಲೇ ವೈಫೈ ಹಾಳಾಗುತ್ತಿದೆ ಎಂದುಕೊಂಡು ಅದನ್ನು ಡ್ರಾಯರಿನಲ್ಲಿ ಇಡಿಸಿದ್ದರು. ಆಸ್ಪತ್ರೆಯಲ್ಲಿ ಮಲಗಿರುವ ಅಪ್ಪನ ಸುದ್ದಿ ಕೇಳಲು ಸಹ ಅವಳು ಅನುಮತಿ ಬೇಡಬೇಕಿತ್ತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಇಂಥ ಕಡೆ ನಾನು ಮೊದಲು ನೋಡುವುದು, ತಪ್ಪು ಹೊರಗಿನದೋ ಒಳಗಿನದೋ ಎಂಬುದನ್ನು. ಕ್ಯಾಮೆರಾಗಳ ರೆಕಾರ್ಡರ್ ತಂತಿಯ ಮೂಲಕ ಅದೇ ರೂಟರಿಗೆ ಸೇರಿತ್ತು; ಅದರ ದೃಶ್ಯ ಯಜಮಾನರ ಮೊಬೈಲಿನಲ್ಲಿ ಒಮ್ಮೆಯೂ ಕಡಿದಿರಲಿಲ್ಲ. ಅಂದರೆ ಹೊರಗಿನಿಂದ ಇಂಟರ್‌ನೆಟ್ ತರುವ ಫೈಬರ್ ತಂತಿಯಲ್ಲಿ ದೋಷವಿಲ್ಲ. ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ವೈಫೈ ಹಿಡಿಯಲು ಸಿಕ್ಕಿಸಿದ್ದ ಪುಟ್ಟ ಸಾಧನವೊಂದನ್ನು, ಹಳೆಯ ಯುಎಸ್‌ಬಿ ಡಾಂಗಲ್ಲನ್ನು, ನಂಬಿಕೊಂಡಿತ್ತು. ಆ ಕಂಪ್ಯೂಟರಿನಿಂದ ರೂಟರಿಗೆ ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ಕೇಳುವ ಪಿಂಗ್ ಓಡಿಸಿಟ್ಟೆ. ಎರಡು ಮೂರು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ಇದ್ದಕ್ಕಿದ್ದಂತೆ ನೂರಾರು ಮಿಲಿಸೆಕೆಂಡಿಗೆ ಏರಿತು. ಕೆಲವು ಸಲ ಬರಲೇ ಇಲ್ಲ. ಅರ್ಧ ನಿಮಿಷದ ಬಳಿಕ ಮತ್ತೆ ಸರಿಹೋಯಿತು. ಮೊಬೈಲಿನ ಆ್ಯಪ್‌ನಲ್ಲಿ ನೋಡಿದರೆ ಅಕ್ಕಪಕ್ಕದ ವೈಫೈಗಳ ಹೆಸರುಗಳು ಮಾತ್ರ ಕಾಣುತ್ತಿದ್ದವು. ವೈಫೈ ಅಲ್ಲದ ಗದ್ದಲವನ್ನು ಆ ಆ್ಯಪ್ ತೋರಿಸುವುದಿಲ್ಲ.

ಆಗ ಹುಡುಗಿ ಡ್ರಾಯರಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಸಂಪರ್ಕ ತಪ್ಪಿದಾಗಲೆಲ್ಲ ಗಂಟೆ, ನಿಮಿಷ ಬರೆದಿಟ್ಟಿದ್ದಳು. “ನಾಲ್ಕು ಗಂಟೆಯ ಮೇಲೆ ಜಾಸ್ತಿ ಸರ್. ಪಕ್ಕದ ಬೇಕರಿಯಲ್ಲಿ ಜನ ಸೇರಿದಾಗ ಇನ್ನೂ ಜಾಸ್ತಿ.” ಯಾರಿಗಾದರೂ ತೋರಿಸಿದ್ದೀಯಾ ಎಂದರೆ, “ಯಾರೂ ಕೇಳಲಿಲ್ಲ” ಎಂದಳು.

ನಾನು ಬೇಕರಿಗೆ ಹೋದೆ. ನಮ್ಮ ಗೋಡೆಯ ಆಚೆ ಬದಿಗೆ, ಕಂಪ್ಯೂಟರಿನ ನೇರಕ್ಕೆ, ಕಡಪಾ ಕಲ್ಲಿನ ಮೇಲೆ ಮೈಕ್ರೋವೇವ್ ಒಲೆ ಕುಳಿತಿತ್ತು. ಬೆಳಿಗ್ಗೆ ಪಫ್ಸ್ ದೊಡ್ಡ ಒಲೆಯಿಂದ ಬಿಸಿಬಿಸಿಯಾಗಿಯೇ ಬರುತ್ತದೆ. ಸಂಜೆಯ ಹೊತ್ತಿಗೆ ಆರಿರುವುದರಿಂದ ಒಂದೊಂದನ್ನೂ ಅರ್ಧ ನಿಮಿಷ ಮೈಕ್ರೋವೇವ್‌ನಲ್ಲಿಟ್ಟು ಕೊಡುತ್ತಾರೆ. ಬೇಕರಿಯವರು ಒಳ್ಳೆಯ ಮನುಷ್ಯ. ಲೋಟದಲ್ಲಿ ನೀರಿಟ್ಟು ಒಲೆ ಹಚ್ಚಿ, ಆರಿಸಿ ತೋರಿಸಿ ಎಂದು ಕೇಳಿಕೊಂಡೆ. ಖಾಲಿ ಒಲೆ ಓಡಿಸಬಾರದು. ಯಜಮಾನರು ಪರದೆ ನೋಡುತ್ತ ನಿಂತರು. ಆಚೆ ಒಲೆ ಗುಂಯ್‌ಗುಟ್ಟಿದಾಗ ಈಚೆ ಪಿಂಗ್ ತಡವರಿಸಿತು, ನಿಂತ ಕೂಡಲೇ ಚೇತರಿಸಿಕೊಂಡಿತು. ಮತ್ತೆ ಮಾಡಿಸಿದರೂ ಹಾಗೆಯೇ.

ಮೈಕ್ರೋವೇವ್ ಒಲೆ ಆಹಾರ ಕಾಯಿಸುವುದು ಸುಮಾರು 2450 ಮೆಗಾಹರ್ಟ್ಸ್ ಅಲೆಗಳಿಂದ. ಹಳೆಯ ಡಾಂಗಲ್‌ಗಳ ವೈಫೈ ಓಡಾಡುವುದು 2400ರಿಂದ 2483.5 ಮೆಗಾಹರ್ಟ್ಸ್ ಒಳಗೆ, ಅಂದರೆ ಅದೇ ಓಣಿಯಲ್ಲಿ. ಒಲೆಯ ಬಾಗಿಲಿನ ಸಂದಿಯಿಂದ ಹೊರಬರುವ ಅಲೆ ಅತ್ಯಲ್ಪ. ಬಾಗಿಲು ಸರಿಯಾಗಿರುವ ಒಲೆಯಿಂದ ಮೈಗೆ ಅಪಾಯವಿಲ್ಲ ಎಂದು ಕೌಂಟರಿನಲ್ಲಿ ನಿಂತಿದ್ದ ಹೆಂಗಸೊಬ್ಬರಿಗೂ ಹೇಳಬೇಕಾಯಿತು. ಆದರೆ ವೈಫೈ ರೂಟರಿನ ಶಕ್ತಿ ಒಂದು ವ್ಯಾಟಿನ ಸಣ್ಣ ಭಾಗ, ಒಲೆಯದು ನೂರಾರು ವ್ಯಾಟ್. ಸೋರಿದ ಚೂರೇ ಸಾಕು. ಮೇಲಾಗಿ ವೈಫೈ ಸಾಧನದ ಸ್ವಭಾವವೇ ಮೊದಲು ಆಲಿಸಿ ಆಮೇಲೆ ಮಾತನಾಡುವುದು. ಸುತ್ತ ಸದ್ದಿದ್ದರೆ ಅದು ಬಾಯಿ ಮುಚ್ಚಿಕೊಂಡು ಕಾಯುತ್ತದೆ.

ಪರಿಹಾರ ಸುಲಭವಿತ್ತು. ಬಿಲ್ಲಿಂಗ್ ಕಂಪ್ಯೂಟರಿಗೆ ರೂಟರಿನಿಂದ ನೇರವಾಗಿ ಕೇಬಲ್ ಎಳೆದೆ. ಜಾಗ ಬಿಟ್ಟು ಕದಲದ ಯಂತ್ರಕ್ಕೆ ವೈಫೈ ಯಾಕೆ ಬೇಕು ಎಂಬುದು ನನ್ನ ಹಳೆಯ ವಾದ. ಮೊಬೈಲುಗಳನ್ನು ವೈಫೈಯ ಇನ್ನೊಂದು ಓಣಿಯಾದ 5 ಗಿಗಾಹರ್ಟ್ಸ್‌ಗೆ (5000 ಮೆಗಾಹರ್ಟ್ಸ್) ವರ್ಗಾಯಿಸಿದೆ. ಅದು ಗೋಡೆ ದಾಟುವುದರಲ್ಲಿ ದುರ್ಬಲ, ಆದರೆ ಇದು ಒಂದೇ ಕೋಣೆಯ ಅಂಗಡಿ. ಹಳೆಯ 2400 ಮೆಗಾಹರ್ಟ್ಸ್ ಓಣಿಯಲ್ಲೇ ಉಳಿಯಬೇಕಾದ ಕಾರ್ಡ್ ಯಂತ್ರಕ್ಕಾಗಿ ರೂಟರನ್ನು 2412 ಮೆಗಾಹರ್ಟ್ಸ್‌ನ ಒಂದನೇ ಚಾನೆಲ್ಲಿಗೆ ಇಳಿಸಿದೆ; ಒಲೆಯಿಂದ ಆದಷ್ಟು ದೂರವಿರಲಿ ಎಂದು.

ಎಲ್ಲ ಮುಗಿದ ಮೇಲೆ ಯಜಮಾನರು ಹುಡುಗಿಯ ಕಡೆ ತಿರುಗಿದರು. ಏನಾದರೂ ಹೇಳುತ್ತಾರೆ ಎಂದುಕೊಂಡೆ. “ಸರಿ, ಆ ಅಜ್ಜನದು ಬೇಗ ಬಿಲ್ ಮಾಡಮ್ಮಾ” ಎಂದರು.

ಅವರು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಕಾಸು ಸಾಲದವರಿಗೆ ಮಾತ್ರೆ ಕೊಟ್ಟು ಕಳಿಸುವುದನ್ನು ಅಲ್ಲಿಯೇ ಕಂಡಿದ್ದೇನೆ. ಅವರು ಹೇಳಿದ್ದು ಸುಳ್ಳೂ ಅಲ್ಲ. ಅವಳು ಕುಳಿತಾಗಲೇ ಹಾಗಾಗುತ್ತಿತ್ತು. ನನ್ನನ್ನು ಕಾಡುತ್ತಿರುವುದು ಇದೇ. ‘ನೀನು ಕುಳಿತಾಗಲೇ ಯಾಕೆ’ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಈ ತೊಂದರೆಗೆ ಇರಲಿಲ್ಲ. ನಾನೂ ಅದನ್ನೇ ಕೇಳಿಕೊಂಡೆ, ಅದರಿಂದಲೇ ಬೇಕರಿಯ ತನಕ ಹೋದೆ. ಯಜಮಾನರು ಆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಅವಳ ಮುಖದ ಬಳಿಯೇ ನಿಂತುಬಿಟ್ಟರು. ಅಕ್ಕನ ಮಗನ ಹೊತ್ತಿನಲ್ಲಿ ಹೀಗಾಗಿದ್ದರೆ ಯಂತ್ರವನ್ನು ದೂರುತ್ತಿದ್ದರು ಎಂದು ನಾನು ಖಂಡಿತ ನಂಬುತ್ತೇನೆ. ಎಷ್ಟೋ ಕಚೇರಿಗಳಲ್ಲಿ ಇದನ್ನು ಕಂಡಿದ್ದೇನೆ: ಕಣ್ಣಿಗೆ ಕಾಣದ ದೋಷವೊಂದು ಎದುರಾದರೆ, ತಿರುಗಿ ಮಾತನಾಡಲಾಗದವರು ಯಾರೋ ಅವರ ಹೆಗಲಿಗೆ ಅದು ಏರುತ್ತದೆ. ಆ ಹುಡುಗಿ ತನ್ನ ರಕ್ಷಣೆಗೆಂದು ಗಂಟೆ ನಿಮಿಷ ಬರೆದಿಟ್ಟುಕೊಳ್ಳಬೇಕಾಗಿ ಬಂದದ್ದು ನನಗೆ ಬಹಳ ನೋವು ತಂದಿದೆ.

ಹೊರಡುವಾಗ ಯಜಮಾನರಿಗೆ ನೇರವಾಗಿಯೇ ಹೇಳಿದೆ: ದಾರಿ ತೋರಿಸಿದ್ದು ಆ ಪುಸ್ತಕ. ಅವಳ ಮೊಬೈಲನ್ನು ಅವಳ ಕೈಗೆ ಕೊಡಿ. ಬಿಲ್ ತುಂಬಿಸುತ್ತ ಕುಳಿತ ರಾತ್ರಿಗಳ ಗಂಟೆಗಳಿಗೆ ಸಂಬಳ ಸೇರಿಸಿ. ಮೊಬೈಲ್ ಆಗಲೇ ಕೊಟ್ಟರು. ಸಂಬಳದ ಬಗ್ಗೆ “ನೋಡೋಣ ಸ್ವಾಮಿ” ಎಂದಿದ್ದಾರೆ. ಮುಂದಿನ ವಾರ ಅವರ ಇನ್ನೊಂದು ಅಂಗಡಿಯ ಕೆಲಸಕ್ಕೆ ಹೋಗಬೇಕಿದೆ. ಆಗ ಮತ್ತೆ ಕೇಳುತ್ತೇನೆ.