ಮನ್ನಾ ಮತ್ತು ಮೆಸ್ಸಿನ ಪಲ್ಯ

ನಾಳೆ ಹೀಬ್ರೂ ಪರೀಕ್ಷೆ. ನಾನಿನ್ನೂ ಬೈಬಲ್ಲಿನ ಅರಣ್ಯಕಾಂಡದ 11ನೇ ಅಧ್ಯಾಯದಲ್ಲೇ ಸಿಕ್ಕಿಕೊಂಡಿದ್ದೀನಿ. ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನಾ ಅನ್ನೋ ಆಹಾರವನ್ನೇ ದಿನಾ ತಿಂದು ಬೇಸತ್ತ ಇಸ್ರಾಯೇಲ್ ಜನ, ಬಿಟ್ಟು ಬಂದ ಐಗುಪ್ತದ (ಈಜಿಪ್ಟಿನ) ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸ್ಕೊಂಡು ಗೋಳಾಡ್ತಾರೆ. ಮೊದಲು ಓದಿದಾಗ ಎಂಥ ಕೃತಘ್ನರಪ್ಪಾ ಅನ್ನಿಸಿತ್ತು. ಪುಣೆಯ ಹಾಸ್ಟೆಲ್ ಮೆಸ್ಸಲ್ಲಿ ಎರಡು ವರ್ಷ ಉಂಡ ಮೇಲೆ ನಾನು ಪೂರ್ತಿ ಅವರ ಪಾರ್ಟಿ. ಬೈಬಲ್ಲಿನದೇ ವಿಮೋಚನಕಾಂಡದಲ್ಲಿ ಮನ್ನಾವನ್ನು ಮೊದಲ ಸಲ ಕಂಡವರು ಕೇಳಿದ್ದು 'ಮಾನ್ ಹು', ಅಂದರೆ 'ಇದೇನು?' ನಮ್ಮ ಮೆಸ್ಸಿನ ಬುಧವಾರದ ಪಲ್ಯಕ್ಕೂ ಅದೇ ಪ್ರಶ್ನೆ.

ಸಂಜೆ ತಡೆಯದೆ ಹೊರಗೆ ಹೋಗಿ ಜೋಳದ ಭಾಕರಿ, ಠೇಚಾ (ಮೆಣಸಿನಕಾಯಿ ಚಟ್ನಿ) ತಿಂದೆ. ಹೆಸರಷ್ಟೇ ಮರಾಠಿ, ಅಂಚು ಸೀದ ಘಮ ಅಪ್ಪಟ ನಮ್ಮೂರ ರೊಟ್ಟೀದು. ಖುಷಿಗೆ ಅವ್ವಗ ಫೋನ್ ಹಚ್ಚಿದೆ.

"ಪರೀಕ್ಷಾ ಯಾವಾಗೈತಿ?" ಅಂದಳು.