ಅಸ್ತ್ರ ಒಲೆ: ಹೊಗೆ ಕೊಳವೆ ಸೇರುವ ಮುಂಚೆಯೇ ಉರಿಯಬೇಕು

ಸೌದೆ ಒಲೆ ಹೊಗೆ ಕಾರುತ್ತಿದೆ ಅಂದರೆ ಸೌದೆಯ ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತಿದೆ ಅಂತ ಅರ್ಥ. ಬಿಸಿ ತಾಗಿದ ಕೂಡಲೇ ಸೌದೆಯಿಂದ ಮೊದಲು ನೀರು ಆವಿಯಾಗುತ್ತದೆ, ಆಮೇಲೆ ಉರಿಯುವ ಅನಿಲವೂ ಟಾರೂ ಹೊರಡುತ್ತವೆ. ಇವು ಪೂರ್ತಿ ಉರಿದುಹೋಗಬೇಕಾದರೆ ಸಾಕಷ್ಟು ಗಾಳಿ ಬೇಕು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಕೆಲವು ಒಲೆಗಳಲ್ಲಿ ಸಣ್ಣ ಸಣ್ಣ ತೂತುಗಳ ಪಿಂಗಾಣಿ ಬಿಲ್ಲೆಗೆ ಪ್ಲಾಟಿನಂ, ಪಲ್ಲಾಡಿಯಂ ಲೇಪಿಸಿ ಕೊಳವೆಯ ಬುಡದಲ್ಲಿ ಕೂರಿಸುತ್ತಾರೆ. ಆ ವೇಗವರ್ಧಕದ ದೆಸೆಯಿಂದ 260 ಡಿಗ್ರಿಯ ಆಸುಪಾಸಿನಲ್ಲೇ ಹೊಗೆ ಉರಿದುಹೋಗುತ್ತದೆ. ನಮ್ಮ ಮಂಡ್ಯ ಸೀಮೆಯ ಅಡುಗೆಮನೆಗೆ ಆ ದುಬಾರಿ ಬಿಲ್ಲೆ ಬೇಕಿಲ್ಲ. ಒಣ ಸೌದೆ, ಮುಚ್ಚಿದ ಉರಿಗೂಡು, ತಳದಲ್ಲಿ ಜಾಲರಿ, ಸೆಳೆತ ಚೆನ್ನಾಗಿರುವ ಕೊಳವೆ, ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸಲೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಮೂರು ಕುಳಿಯ ಒಲೆಯಲ್ಲಿ ಇರುವುದು ಇವೇ. ಅಲ್ಲಿಂದೀಚೆಗೆ ಎಷ್ಟೋ ಹಳ್ಳಿಗಳಲ್ಲಿ ಇಂಥ ಒಲೆ ಕಟ್ಟಿದರು. ಕಟ್ಟುವುದು ಒಂದು ದಿನದ ಕೆಲಸ, ಕಾಪಾಡುವುದು ದಿನದಿನದ ಕೆಲಸ. ಗ್ಯಾಸ್ ಇದ್ದರೂ ಮುದ್ದೆಗೆ, ಸ್ನಾನದ ನೀರಿಗೆ ಒಲೆ ಹೊತ್ತಿಸುವವರಿಗಾಗಿ ಈ ಬರಹ.

ಒಲೆ ಸರಿಯಿಲ್ಲ ಅನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಸೌದೆ ರಾಶಿಯನ್ನ. ಆಗತಾನೆ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಆ ನೀರಿನಲ್ಲಿ ಒಂದು ಕಿಲೋವನ್ನು ಆವಿ ಮಾಡುವುದಕ್ಕೇ 2.26 ಮೆಗಾಜೂಲ್ ಬಿಸಿ ಖರ್ಚು. ಅಷ್ಟು ಬಿಸಿಯಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಗೆ ತರಬಹುದಿತ್ತು. ಸೌದೆಯಲ್ಲಿ ತೇವ ಶೇಕಡ 20ಕ್ಕಿಂತ ಕೆಳಗಿಳಿದಿರಬೇಕು. ಸರ್ವೆ, ನೀಲಗಿರಿ, ಜಾಲಿ ಯಾವುದೇ ಆಗಲಿ, ಸಂಕ್ರಾಂತಿ ಹೊತ್ತಿಗೆ ಕಡಿದು ಮಣಿಕಟ್ಟಿಗಿಂತ ದಪ್ಪ ಇರದಂತೆ ಸೀಳಿ, ಇಟ್ಟಿಗೆಯ ಮೇಲೆ ನೆಲ ಮುಟ್ಟದಂತೆ ಜೋಡಿಸಿದರೆ ಮುಂಗಾರಿಗೆ ಮುಂಚೆ ಬಿಸಿಲು ಚೆನ್ನಾಗಿ ಕುಡಿಯುತ್ತದೆ. ಮಳೆಗಾಲದಲ್ಲಿ ಮೇಲೆ ಮಾತ್ರ ಹೊದಿಸಿ. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಒಣಗಿತೋ ಇಲ್ಲವೋ ಅಂತ ತಿಳಿಯಲು ಒಂದು ತುಂಡಿಗೆ ಸೀಮೆಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ. ತೂಕ ಇಳಿಯುವುದು ನಿಂತಾಗ ಉರಿಸಬಹುದು. ಎರಡು ತುಂಡು ತಾಡಿಸಿದರೆ ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದು ಮಂದವಾಗಿ ಸದ್ದು ಮಾಡುತ್ತದೆ.

ರೇಷ್ಮೆ ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿಗೆ ಬರವಿಲ್ಲ. ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ, ಬೇಗ ಮುಗಿದೂ ಹೋಗುತ್ತದೆ. ಜಾಲಿ ತುಂಡಿನ ಜೊತೆ ಬೆರೆಸಿ ಹಾಕುವುದು ಲೇಸು. ಕುರಂಬಾಳೆ, ತೆಂಗಿನ ಗರಿ ಹೊತ್ತಿಸಲು ಒಳ್ಳೆಯದು. ತೆಂಗಿನ ಚಿಪ್ಪನ್ನು ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಹಾಕಬೇಡಿ, ಅದರ ಉರಿ ವಿಪರೀತ, ಮಸಿಯೂ ವಿಪರೀತ. ಸಿಪ್ಪೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಕಬ್ಬಿನ ತರಗು ಈ ಒಲೆಗೆ ಹೇಳಿದ್ದಲ್ಲ: ಭುಗಿಲೆದ್ದು ಕ್ಷಣದಲ್ಲಿ ಬೂದಿಯಾಗಿ ಜಾಲರಿಯ ಸಂದು ಮುಚ್ಚುತ್ತದೆ. ಆಲೆಮನೆಯ ಕುಲುಮೆಗೆ ಒಗ್ಗುವುದೆಲ್ಲ ಅಡುಗೆಮನೆಗೆ ಒಗ್ಗಬೇಕು ಅಂತೇನಿಲ್ಲ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಯಾವತ್ತೂ ಬೇಡ.

ಹೊತ್ತಿಸುವ ಕ್ರಮದಲ್ಲೂ ಒಂದು ಗುಟ್ಟಿದೆ. ಕೊಳವೆ ತಣ್ಣಗಿದ್ದರೆ ಅದರೊಳಗಿನ ಗಾಳಿ ಭಾರವಾಗಿ ಕೆಳಕ್ಕೆ ಕೂತಿರುತ್ತದೆ, ಮೊದಲ ಹೊಗೆಯೆಲ್ಲ ಒಲೆ ಬಾಯಿಂದ ಮುಖಕ್ಕೇ ಬರುತ್ತದೆ. ಮಾರ್ಗಶಿರದ ಚಳಿಯಲ್ಲಿ, ಜಡಿಮಳೆಯಲ್ಲಿ ಈ ತೊಂದರೆ ಜಾಸ್ತಿ. ಹಾಗಾಗಿ ಮೊದಲ ಎರಡು ಕುಳಿಯ ಮೇಲೆ ಪಾತ್ರೆ ಇಟ್ಟು, ಕೊಳವೆಗೆ ಹತ್ತಿರದ ಮೂರನೇ ಕುಳಿಯಲ್ಲಿ ಒಂದು ಹಾಳೆ ಕಾಗದವನ್ನೋ ಕುರಂಬಾಳೆ ಚೂರನ್ನೋ ಉರಿಸಿ. ಜ್ವಾಲೆ ಕೊಳವೆಯ ಕಡೆಗೆ ಬಾಗಿತೋ, ಸೆಳೆತ ಶುರುವಾಯಿತು. ಆಗ ಅಲ್ಲಿ ನೀರಿನ ಪಾತ್ರೆ ಕೂರಿಸಿ, ಉರಿಗೂಡಿನಲ್ಲಿ ಬೆಂಕಿ ಹಚ್ಚಿ. ಎರಡು ಮೂರು ತುಂಡು ಸಾಕು, ನಡುವೆ ಬೆರಳು ತೂರುವಷ್ಟು ಸಂದಿರಲಿ. ಗೂಡು ತುಂಬ ತುರುಕಿದರೆ ಗಾಳಿ ಸಾಲದೆ ಬರೀ ಹೊಗೆ. ಬಾಯಿಗೆ ಮುಚ್ಚಳ ಹಾಕಿಯೇ ಉರಿಸಬೇಕು, ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು. ಬಾಯಿ ಪೂರ್ತಿ ತೆರೆದಿಟ್ಟರೆ ತಣ್ಣನೆ ಗಾಳಿ ಜ್ವಾಲೆಯ ಮೇಲೆ ಹಾದುಹೋಗಿ ಗೂಡು ತಣಿಯುತ್ತದೆ, ಹೊಗೆ ಹೊತ್ತಿಕೊಳ್ಳುವಷ್ಟು ಬಿಸಿ ಉಳಿಯುವುದಿಲ್ಲ.

ಹಿತ್ತಲಿಗೆ ಹೋಗಿ ಕೊಳವೆಯ ತುದಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೊತ್ತಿಸಿದ ಹತ್ತು ನಿಮಿಷದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಹಸಿ ಅಥವಾ ಗೂಡು ಇನ್ನೂ ಕಾದಿಲ್ಲ. ಕಪ್ಪು ಹೊಗೆಯಾದರೆ ಗಾಳಿ ಸಾಲದು. ತುದಿಯಲ್ಲಿ ಗಾಳಿ ನಡುಗುವುದಷ್ಟೇ ಕಂಡರೆ ಎಲ್ಲ ಸರಿಯಿದೆ.

ಪಾತ್ರೆ ಕುಳಿಗೆ ಸರಿಯಾಗಿ ಕೂರಬೇಕು. ಸುತ್ತ ಸಂದಿದ್ದರೆ ಕೊಳವೆ ಅಲ್ಲಿಂದಲೇ ಗಾಳಿ ಎಳೆದುಕೊಂಡು ಗೂಡಿನ ಸೆಳೆತ ಕುಂದುತ್ತದೆ. ಒಲೆ ಕಟ್ಟುವಾಗ ಯಾವ ಪಾತ್ರೆ ಇಟ್ಟು ಅಳತೆ ತೆಗೆದರೋ ಅದೇ ಪಾತ್ರೆ ಬಳಸಬೇಕು. ಮದುವೆ ಮನೆಗೆ ತಪ್ಪಲೆ ಕೊಟ್ಟು ಬೇರೊಂದು ಇಟ್ಟರೆ ಅವತ್ತು ಹೊಗೆ ತಿನ್ನಬೇಕಾದ್ದೇ. ಇನ್ನು ಮುದ್ದೆ. ಕುಳಿಯ ಅಂಚು ಒಡೆಯುವುದು ಬೆಂಕಿಯಿಂದಲ್ಲ, ಮುದ್ದೆ ಕೋಲಿನ ಬಲದಿಂದ. ಹಿಟ್ಟು ಗಟ್ಟಿಯಾಗುತ್ತಾ ಬಂದಂತೆ ತಪ್ಪಲೆ ಅತ್ತಿತ್ತ ಒದ್ದಾಡಿ ಮಣ್ಣಿನ ಅಂಚನ್ನು ತೇಯುತ್ತದೆ, ಒಂದು ಕಡೆ ಚಕ್ಕೆ ಏಳುತ್ತದೆ, ಆ ಸಂದಿನಿಂದಲೇ ಹೊಗೆ ಬರಲು ಶುರು. ಹಿಟ್ಟು ಬೆಂದಮೇಲೆ ತಪ್ಪಲೆಯನ್ನು ನೆಲಕ್ಕಿಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು ತೊಳಸಿದರೆ ಒಲೆ ಉಳಿಯುತ್ತದೆ. ಇಳಿಸಿದ ಕೂಡಲೇ ಆ ಕುಳಿಯ ಮೇಲೆ ಸಾರಿನ ಪಾತ್ರೆ ಇಟ್ಟುಬಿಡಿ, ಬರಿದಾಗಿ ಬಿಡಬೇಡಿ.

ಒಡೆದ ಅಂಚಿಗೆ ಸಿಮೆಂಟ್ ಮೆತ್ತುವವರು ಬಹಳ. ಬಿಸಿ 450 ಡಿಗ್ರಿ ಮುಟ್ಟುವ ಹೊತ್ತಿಗೆ ಸಿಮೆಂಟಿನೊಳಗಿನ ಸುಣ್ಣ ತನ್ನ ನೀರು ಬಿಟ್ಟುಕೊಟ್ಟು ಪುಡಿಯಾಗುತ್ತದೆ, ಉರಿಗೂಡಿನ ಪಕ್ಕ ಅದು ನಿಲ್ಲುವುದಿಲ್ಲ. ಹುತ್ತದ ಮಣ್ಣು, ಜರಡಿ ಹಿಡಿದ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ನೀರು ಕಲಸಿ ಒಂದು ರಾತ್ರಿ ನೆನೆಯಲು ಬಿಡಿ. ಅಳತೆ ಮಣ್ಣಿನ ಮೇಲೆ ಹೋಗುತ್ತದೆ. ನಿಂಬೆ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿ: ಬಿರುಕು ಬಿಟ್ಟರೆ ಮರಳು ಸೇರಿಸಿ, ಉಜ್ಜಿದರೆ ಉದುರಿದರೆ ಮಣ್ಣು ಸೇರಿಸಿ. ಬಿರುಕನ್ನು ಕೆರೆದು ಅಗಲ ಮಾಡಿ, ನೀರು ಚಿಮುಕಿಸಿ, ಒಳಗೆ ಅದುಮಿ ತುಂಬಬೇಕು. ಮಾರನೆ ದಿನ ಕೂದಲೆಳೆಯಷ್ಟು ಬಿರುಕು ಕಂಡೇ ಕಾಣುತ್ತದೆ, ಮತ್ತೊಮ್ಮೆ ಒತ್ತಿ ಸವರಿ. ಪೂರ್ತಿ ಒಣಗುವ ತನಕ ದೊಡ್ಡ ಉರಿ ಬೇಡ.

ಜಾಲರಿ ಎರಕದ ಕಬ್ಬಿಣದ್ದೇ ಇರಲಿ. ಕೆಳಗಿನ ಬೂದಿಗುಳಿಯನ್ನು ದಿನಾ ತೆಗೆಯಬೇಕು, ಸೋಮಾರಿತನ ಮಾಡಿದರೆ ಜಾಲರಿಗೇ ಸಂಚಕಾರ. ಕೆಳಗಿನಿಂದ ಬರುವ ಗಾಳಿಯೇ ಸರಳುಗಳನ್ನು ತಣ್ಣಗಿಡುವುದು. ಬೂದಿ ಏರಿ ಸರಳಿಗೆ ತಾಗಿದರೆ ಗಾಳಿ ನಿಂತು ಅವು ಕೆಂಪಗೆ ಕಾದು ಬಾಗುತ್ತವೆ.

ಕೊಳವೆಯ ತುದಿ ಸೂರಿಗಿಂತ ಕನಿಷ್ಠ ಎರಡು ಅಡಿ ಮೇಲಿರಬೇಕು, ಮೇಲೆ ಟೋಪಿ ಇರಬೇಕು. ಹೊಗೆ ತಣಿದಷ್ಟೂ ಟಾರು ಒಳಗೋಡೆಗೆ ಅಂಟುತ್ತದೆ. ಹಸಿ ಸೌದೆ, ಮಂದ ಉರಿ ಎರಡೂ ಸೇರಿದರೆ ಬೇಗ ದಪ್ಪವಾಗುತ್ತದೆ. ಅದು ಒಂದು ದಿನ ಹೊತ್ತಿಕೊಂಡರೆ ಕೊಳವೆಯೊಳಗೆ ಬೆಂಕಿ ಭೋರೆನ್ನುತ್ತದೆ. ಗರಿ ಹೊದಿಸಿದ ಚಾವಣಿಯಾದರೆ ಕೇಳುವುದೇ ಬೇಡ. ದಿನಾ ಉರಿಸುವ ಒಲೆಗೆ ತಿಂಗಳಿಗೊಮ್ಮೆ, ತಣ್ಣಗಾದಮೇಲೆ, ಹಗ್ಗದ ತುದಿಗೆ ಕಲ್ಲು ಕಟ್ಟಿ ಅದರ ಮೇಲೆ ಗೋಣಿತಾಟಿನ ಉಂಡೆ ಬಿಗಿದು ಮೇಲಿನಿಂದ ಇಳಿಬಿಟ್ಟು ಎಳೆದಾಡಿ. ಕುಳಿಗಳ ನಡುವಿನ ದಾರಿಗೆ ಹದಿನೈದು ದಿನಕ್ಕೊಮ್ಮೆ ಕೈ ಹಾಕಿ ಮಸಿ ಬಾಚಿ. ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಕೊಳವೆಯಾದರೆ ಉಜ್ಜಬೇಡಿ, ಒಣಗಿದ್ದಾಗ ಗರಗಸ ಹಾಕಬೇಡಿ, ಆ ದೂಳು ಶ್ವಾಸಕೋಶಕ್ಕೆ ಕೇಡು.

ಉರಿ ಮುಗಿದಮೇಲೆ ಉಳಿಯುವ ಕೆಂಡಕ್ಕೆ ಹೊಗೆಯಿಲ್ಲ, ವಿಷ ಮಾತ್ರ ಇದೆ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅದರಿಂದ ಬರುತ್ತಲೇ ಇರುತ್ತದೆ. ಕೆಂಡ ಆರುವ ತನಕ ಕೊಳವೆ ಮುಚ್ಚಬಾರದು, ಚಳಿ ಅಂತ ಬಾಣಂತಿ ಕೋಣೆಗೆ ಕೆಂಡದ ಬಾಣಲೆ ಇಟ್ಟು ಬಾಗಿಲು ಹಾಕಬಾರದು.

ಬೂದಿಯೊಳಗೆ ಕಿಡಿ ಎರಡು ದಿನವಾದರೂ ಬದುಕಿರಬಹುದು, ತಗಡಿನ ಡಬ್ಬದಲ್ಲಿ ಮುಚ್ಚಿಡಿ. ಆರಿದ ಬೂದಿ ತೆಂಗಿನ ಬುಡಕ್ಕೆ, ಬದನೆ ಪಾತಿಗೆ ಪೊಟ್ಯಾಷ್ ಕೊಡುತ್ತದೆ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡನ್ನೂ ಹಾಕುವುದಿದ್ದರೆ ನಡುವೆ ಒಂದೆರಡು ವಾರ ಬಿಡಿ.