ಚೊಗರಿಗೆ ಬಿದ್ದ ಫೋನು, ಮೂರು ತಿಂಗಳ ಕ್ಲೇಮು

ಮೊದ್ಲೇ ಹೇಳ್ಬಿಡ್ತೀನಿ, ಫೋನ್ ಬೀಳ್ಸಿದ್ದು ನಾನೇ, ಅದ್ರಲ್ಲಿ ಬೇರೆ ಯಾರ ತಪ್ಪೂ ಇಲ್ಲ. 2024ರ ದೀಪಾವಳಿ ಮುಗಿದ ಮೇಲೆ ಒಂದು ವಾರ ಜಾಸ್ತಿ ರಜೆ ಹಾಕಿ ಊರಲ್ಲೇ ಉಳ್ಕೊಂಡಿದ್ದೆ, ತೀರ್ಥಹಳ್ಳಿ ಹತ್ರ ನಮ್ಮನೆ, ಕೊನೆಕೊಯ್ಲು (ಅಡಿಕೆ ಗೊನೆ ಇಳಿಸೋದು) ಶುರುವಾಗಿತ್ತು. ಸಂಜೆ ಅಂಗಳದಲ್ಲಿ ಹಂಡೆ ಇಟ್ಟು ಅಡಿಕೆ ಬೇಯಿಸ್ತಾ ಇದ್ವಿ, ಮಾಮೂಲಿ ಹಾಗೆ ಕರೆಂಟ್ ಹೋಯ್ತು. ಒಲೆಗೆ ಕಟ್ಟಿಗೆ ಒಟ್ಬೇಕು, ಎರಡೂ ಕೈ ಬೇಕು, ಅದಕ್ಕೆ ಫೋನಿನ ಟಾರ್ಚ್ ಹಾಕಿ ಅಂಗಿ ಜೇಬಿಗೆ ಸಿಗಿಸ್ಕೊಂಡು ಬಗ್ಗಿದೆ ನೋಡಿ, ಪಕ್ಕದಲ್ಲಿ ಹಿಂದಿನ ದಿನದ ಚೊಗರು ತುಂಬಿಟ್ಟಿದ್ದ ಬಕೆಟ್ಟಿಗೆ ಸೀದಾ ಹೋಗಿ ಬಿತ್ತು. ಟಾರ್ಚ್ ಆನ್ ಇತ್ತಲ್ಲ, ಒಂದೆರಡು ಸೆಕೆಂಡು ಇಡೀ ಬಕೆಟ್ಟು ಒಳಗಿಂದ ಕೆಂಪಗೆ ಹೊಳೀತು. ಚೆನ್ನಾಗೇ ಕಾಣ್ತಿತ್ತು ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಆರಿಹೋಯ್ತು.

(ಚೊಗರು ಅಂದ್ರೆ ಗೊತ್ತಿಲ್ದೇ ಇರೋರಿಗೆ: ಅಡಿಕೆ ಬೇಯಿಸಿದ ನೀರು. ಬೇಯಿಸ್ತಾ ಬೇಯಿಸ್ತಾ ಗಟ್ಟಿಯಾಗಿ ಕೆಂಪಗೆ ಆಗತ್ತೆ, ಮುಂದಿನ ಸಲ ಬೇಯಿಸೋವಾಗ ಅದನ್ನೇ ಹಾಕಿದ್ರೆ ಅಡಿಕೆಗೆ ಬಣ್ಣ ಬರತ್ತೆ. ಬಟ್ಟೆಗೆ ತಾಗಿದ್ರೆ ಜನ್ಮದಲ್ಲಿ ಹೋಗಲ್ಲ. ಈ ವಿವರ ಮುಂದೆ ಬೇಕಾಗತ್ತೆ, ನೆನಪಿಟ್ಕೊಳ್ಳಿ.)

ನಂಗೆ ಆಗ ಅಷ್ಟೇನೂ ಗಾಬರಿ ಆಗ್ಲಿಲ್ಲ ಯಾಕಂದ್ರೆ ಮಾರ್ಚಲ್ಲಿ ಫೋನ್ ತಗೊಳೋವಾಗ 32,999ರ ಜೊತೆಗೆ 2,199 ಕೊಟ್ಟು ಒಂದು ವರ್ಷದ ಪ್ರೊಟೆಕ್ಷನ್ ಪ್ಲಾನ್ ಹಾಕಿಸಿದ್ದೆ. ಬಿದ್ರೂ ಒಡೆದ್ರೂ ನೀರು ಹೋದ್ರೂ ನಾವಿದೀವಿ ಅಂತ ಆ್ಯಪ್‌ನಲ್ಲಿ ನಗ್ತಾ ಇರೋ ಒಂದು ಫ್ಯಾಮಿಲಿ ಫೋಟೋ ಹಾಕಿದ್ರು. ಒಂದು ಟಿಕ್ ಒತ್ತಿದ್ದೆ, ಹತ್ತು ಸೆಕೆಂಡ್ ಕೆಲ್ಸ.

ಅಮ್ಮ ಅಕ್ಕಿ ಡಬ್ಬದಲ್ಲಿ ಹಾಕು ಅಂದ್ಲು, ಹಾಕಿದ್ವಿ. ಅಕ್ಕಿಯಲ್ಲಿ ಇಡ್ಬೇಡಿ, ಪುಡಿ ಒಳಗೆ ಹೋಗಿ ಇನ್ನೂ ಹಾಳಾಗ್ಬಹುದು ಅಂತ ಆಪಲ್ ಕಂಪನಿನೇ ತನ್ನ ಸಪೋರ್ಟ್ ಪೇಜಲ್ಲಿ ಬರ್ದಿರೋದು ನಾನು ಓದಿದ್ದು ಆಮೇಲೆ. ಎರಡು ದಿನ ಅಕ್ಕಿಯೊಳಗೆ ಇತ್ತು, ಅಕ್ಕಿ ಮಾತ್ರ ಕೆಂಪಾಯ್ತು. ಮೂರನೇ ದಿನ ಕ್ಲೇಮ್ ಹಾಕೋಣ ಅಂತ ಕೂತೆ. ಅಲ್ಲಿಂದ ಶುರು.

ಕ್ಲೇಮ್ ಹಾಕೋದು ಆ್ಯಪ್‌ನಲ್ಲಿ ಮಾತ್ರ. ಆ್ಯಪ್ ಇರೋದು ಸತ್ತ ಫೋನಲ್ಲಿ. ಸರಿ, ತಂಗಿ ಫೋನಲ್ಲಿ ಹಾಕ್ಕೊಂಡೆ, ಲಾಗಿನ್ ಆಗೋಕೆ ಓಟಿಪಿ ಬರೋದು ನನ್ನ ನಂಬರಿಗೆ. ಸಿಮ್ ತೆಗೆದು ತಂಗಿ ಫೋನಿಗೆ ಹಾಕೋಣ ಅಂದ್ರೆ ಅವಳಿಗೆ ಆನ್‌ಲೈನ್ ಕ್ಲಾಸಿದೆ, ಅವಳ ಸಿಮ್ ತೆಗೆಯಂಗಿಲ್ಲ. ಅಪ್ಪಯ್ಯನ ಕೀಪ್ಯಾಡ್ ಸೆಟ್ಟಿಗೆ ಹಾಕೋಣ ಅಂದ್ರೆ ಅದು ಹಳೇ ಕಾಲದ ದೊಡ್ಡ ಸಿಮ್ಮಿಂದು, ನನ್ನ ಸಿಮ್ಮು ಉಗುರಿನಷ್ಟು, ಹಾಗೇ ಹಾಕಿದ್ರೆ ಒಳಗೆ ಸಿಕ್ಕೊಂಡು ಅಪ್ಪಯ್ಯನ ಫೋನೂ ಹೋಗತ್ತೆ. ಪೇಟೆಗೆ ಹೋಗಿ ಇಪ್ಪತ್ತು ರೂಪಾಯಿದು ಒಂದು ಪ್ಲಾಸ್ಟಿಕ್ ಅಡಾಪ್ಟರ್ ತಂದೆ. ಓಟಿಪಿ ಅಪ್ಪಯ್ಯನ ಫೋನಿಗೆ ಬರೋದು, ನೆಟ್ವರ್ಕ್ ಸಿಗೋದು ಗೇಟಿನ ಹತ್ರ ಹಲಸಿನ ಮರದ ಕೆಳಗೆ, ಅಪ್ಪಯ್ಯ ಅಲ್ಲಿ ನಿಂತು ನಂಬರ್ ಕೂಗೋದು, ನಾನು ಜಗಲೀಲಿ ಕೂತು ಟೈಪ್ ಮಾಡೋದು. ಮೂರನೇ ಸಲಕ್ಕೆ ಆಯ್ತು. ಅದೇ ವಾರ ಕೊಯ್ಲಿನವರಿಗೆ ಬಟವಾಡೆ ಮಾಡ್ಬೇಕಿತ್ತು, ಅವ್ರೂ ಈಗ ಸ್ಕ್ಯಾನರ್ರೇ ತೋರ್ಸೋದು, ನನ್ನ ಯುಪಿಐ ಸತ್ತಿದೆ, ಅಪ್ಪಯ್ಯ ಬ್ಯಾಂಕಿಗೆ ಹೋಗಿ ಕ್ಯೂನಲ್ಲಿ ನಿಂತು ದುಡ್ಡು ತಂದ್ರು. ನನ್ನ ಕಡೆ ಒಂದು ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ನಾಚಿಕೆ.

ಒಳಗೆ ಹೋದ್ರೆ ಫಾರಂ. ಡ್ಯಾಮೇಜ್ ಆಗಿರೋ ಫೋನಿನ ಫೋಟೋ ಹಾಕಿ, ಸ್ಕ್ರೀನ್ ಮೇಲೆ ಐಎಂಇಐ ನಂಬರ್ (ಫೋನಿನ ಗುರುತಿನ ನಂಬರು) ಕಾಣ್ಬೇಕು, ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಡಯಲ್ ಮಾಡಿ ಅಂತ. ಅಲ್ಲ ಸ್ವಾಮಿ, ಫೋನ್ ಆನೇ ಆಗ್ತಿಲ್ಲ ಅಂತ ತಾನೇ ನಾನು ಬಂದಿರೋದು? ಈ ಮೂರು ತಿಂಗಳಲ್ಲಿ ಇದೊಂದೇ ವಿಷ್ಯ ನನ್ನ ತಲೆ ಕೆಡಿಸಿದ್ದು: ಹೆಜ್ಜೆ ಹೆಜ್ಜೆಗೂ ಇವ್ರಿಗೆ ಕೆಲ್ಸ ಮಾಡೋ ಫೋನ್ ಬೇಕು. ಸತ್ತವನೇ ಎದ್ದು ಬಂದು ನಾನು ಸತ್ತಿದೀನಿ ಅಂತ ಸಾಕ್ಷಿ ಹೇಳ್ಬೇಕು ಅನ್ನೋ ಥರ.

ಕಸ್ಟಮರ್ ಕೇರಿಗೆ ಫೋನ್ ಮಾಡ್ದೆ, ಕನ್ನಡಕ್ಕೆ ನಾಲ್ಕು ಒತ್ತಿ ಅಂದ್ರು, ಒತ್ತಿದೆ, ಹಿಂದಿಯವ್ರು ಎತ್ತಿದ್ರು. ಸ್ಕ್ರೀನ್ ಬರ್ತಿಲ್ಲ ಅಂದ್ರೆ ಬಾಕ್ಸ್ ಮೇಲಿನ ಸ್ಟಿಕ್ಕರ್ ಫೋಟೋ ಕಳ್ಸಿ ಅಂದ್ರು. ಬಾಕ್ಸ್ ಎಲ್ಲಿ? ದೇವ್ರ ಕೋಣೇಲಿ. ಅಮ್ಮ ಅದ್ರಲ್ಲಿ ಹೂಬತ್ತಿ ಹಾಕಿಟ್ಟಿದ್ಲು. ಗಟ್ಟಿ ಬಾಕ್ಸು, ಮುಚ್ಚಳ ಟೈಟು, ಇಲಿ ಬರಲ್ಲ ಅಂತ. ಸ್ಟಿಕ್ಕರ್ ಮೇಲೆ ಎಣ್ಣೆ ಕೈ ತಾಗಿ ತಾಗಿ ಕೊನೇ ಅಂಕಿ ಅಳಿಸಿಹೋಗಿತ್ತು. ಐಎಂಇಐ ಹದಿನೈದು ಅಂಕಿ, ಹದಿನೈದನೇದು ಮೊದಲ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆಯೋ ಚೆಕ್ ಡಿಜಿಟ್ಟು, ಅಂದ್ರೆ ಹದಿನಾಲ್ಕು ಗೊತ್ತಿದ್ರೆ ಕೊನೇದು ನಾವೇ ತೆಗೀಬಹುದು. ಕ್ಯಾಲೆಂಡರ್ ಹಿಂದ್ಗಡೆ ಒಂದು ಬಿಟ್ಟು ಒಂದು ಅಂಕಿ ಡಬಲ್ ಮಾಡಿ ಕೂಡಿಸಿ ಲೆಕ್ಕ ಹಾಕ್ದೆ, 7 ಬಂತು. ಇಂಜಿನಿಯರಿಂಗ್ ಓದಿದ್ದಕ್ಕೆ ಮನೆಯವ್ರ ಮುಂದೆ ಮೊದಲ್ನೇ ಸಲ ಉಪಯೋಗ ತೋರ್ಸಿದ್ದು ಅವತ್ತೇ.

ಫೋಟೋ ಹೋಯ್ತು. ಎರಡು ದಿನ ಬಿಟ್ಟು ಮೆಸೇಜು, ಐಎಂಇಐ ಮ್ಯಾಚ್ ಆಗ್ತಿಲ್ಲ. ಯಾಕೆ ಅಂತ ನೋಡಿದ್ರೆ ಎರಡು ಸಿಮ್ ಹಾಕೋ ಫೋನಿಗೆ ಎರಡು ಐಎಂಇಐ ಇರತ್ತೆ, ಅಂಗಡಿ ಬಿಲ್ಲಲ್ಲಿ ಒಂದನೇದು, ಪ್ಲಾನಲ್ಲಿ ಎರಡನೇದು ನಮೂದಾಗಿದೆ. ನಮೂದು ಮಾಡಿದ್ದು ಅವ್ರೇ! ಬಾಕ್ಸ್ ಸ್ಟಿಕ್ಕರಲ್ಲಿ ಎರಡೂ ಇದ್ವು, ಆದ್ರೂ ಬಿಲ್ಲಲ್ಲಿ ಎರಡೂ ಇರೋ ಹಾಗೆ ಅಂಗಡಿಯಿಂದ ಲೆಟರ್ ತನ್ನಿ ಅಂದ್ರು. ಅಂಗಡಿ ಇರೋದು ಬೆಂಗಳೂರಲ್ಲಿ. ಆ ಹುಡ್ಗ ಪಾಪ ಒಳ್ಳೆಯವ್ನು, ವಾಟ್ಸಾಪಲ್ಲೇ ಸೀಲ್ ಹಾಕಿ ಕಳ್ಸಿದ.

ಆಮೇಲೆ ಪಿಕಪ್. ಮನೆ ಬಾಗಿಲಿಗೆ ಬಂದು ಒಯ್ತೀವಿ ಅಂತ ಪ್ಲಾನಲ್ಲಿ ಬರ್ದಿತ್ತು, ನಮ್ಮ ಪಿನ್‌ಕೋಡಿಗೆ ಸರ್ವಿಸ್ ಇಲ್ವಂತೆ, ಶಿವಮೊಗ್ಗದ ಸೆಂಟರಿಗೆ ನೀವೇ ಕೊಡಿ. ಪ್ಲಾನ್ ಮಾರೋವಾಗ ಪಿನ್‌ಕೋಡ್ ಯಾರೂ ಕೇಳಲ್ಲ ಗಮನಿಸಿ. ಬೆಳಿಗ್ಗೆ ಬಸ್ ಹತ್ತಿದೆ, ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಅರವತ್ತು ಕಿಲೋಮೀಟರು, ಪಕ್ಕದಲ್ಲಿ ತುಂಗೆ, ಕೈಯಲ್ಲಿ ಫೋನಿಲ್ದೆ ಕಿಟಕಿ ಆಚೆ ನೋಡಿದ್ದು ಎಷ್ಟು ವರ್ಷ ಆಗಿತ್ತೋ. ಇಡೀ ಪ್ರಕರಣದಲ್ಲಿ ಅದೊಂದೇ ಖುಷಿಯಾಗಿದ್ದ ಭಾಗ.

ಸೆಂಟರಲ್ಲಿ ಹುಡ್ಗ ಹಿಂಬದಿ ಕವರ್ ಬಿಚ್ಚಿದೋನೇ, "ಏನ್ ಸಾರ್ ಇದು ರಕ್ತಾನಾ?" ಅಂದ. ಚೊಗರು ಅಂದೆ. "ಅಯ್ಯೋ ಚೊಗರಾ, ನಮ್ಮಜ್ಜಿ ಮನೇಲೂ ಬೇಯಿಸ್ತಾರೆ, ಹೋಯ್ತು ಬಿಡಿ ಸಾರ್ ಬೋರ್ಡು" ಅಂತ ನಕ್ಕ. ಎಸ್ಟಿಮೇಟ್ 26,800. ರಿಪೋರ್ಟಲ್ಲಿ ಅವನು ಇಂಗ್ಲಿಷಲ್ಲಿ ಅಡಿಕೆ ಸಿರಪ್ ಅಂತ ಬರ್ದ, ಇನ್ನೇನು ಬರೀತಾನೆ ಪಾಪ. ಆ ಸಿರಪ್ ಅನ್ನೋ ಪದ ಹತ್ತು ದಿನ ತಿಂತು. ಎಲ್ಲಿಂದಲೋ ಒಬ್ರು ಮೇಡಂ ಫೋನ್ ಮಾಡಿ, ಸರ್ ಇದು ಕೆಮಿಕಲ್ಲಾ, ಕೆಮಿಕಲ್ ಆದ್ರೆ ಕವರ್ ಆಗಲ್ಲ. ಅಲ್ಲ ಮೇಡಂ, ಅಡಿಕೆ ಬೇಯಿಸಿದ ನೀರು. ಹಾಗಾದ್ರೆ ನೀವು ಬೇಯಿಸೋವಾಗ ಫೋನ್ ಒಳಗೆ ಹಾಕಿದ್ರಾ? ಹಾಕ್ಲಿಲ್ಲ ಮೇಡಂ, ಬಿತ್ತು. ಕುದಿಯೋ ನೀರಾ? ತಣ್ಣಗಿತ್ತು. ಫೋನ್ ಯಾಕೆ ಅಲ್ಲಿಗೆ ತಗೊಂಡು ಹೋಗಿದ್ರಿ? ಕರೆಂಟ್ ಇರ್ಲಿಲ್ಲ. ಕೊನೆಗೆ ಡ್ರಾಪ್‌ಡೌನಲ್ಲಿ ಟೀ ಕಾಫಿ ಜ್ಯೂಸ್ ಅಂತ ಒಂದು ಆಪ್ಷನ್ ಇತ್ತಂತೆ, ಅದನ್ನೇ ಹಾಕ್ತೀನಿ ಸರ್ ಅಂದ್ರು. ಹಾಕಿ ಮೇಡಂ. ಹೀಗೆ ನಮ್ಮನೆ ಚೊಗರು ದಾಖಲೆಯಲ್ಲಿ ಜ್ಯೂಸ್ ಆಯ್ತು.

ಇಷ್ಟೆಲ್ಲ ಆದ್ಮೇಲೆ ಡಿಸೆಂಬರ್ ಮಧ್ಯದಲ್ಲಿ ಬಂತು, ಕ್ಲೇಮ್ ರಿಜೆಕ್ಟೆಡ್. ಕಾರಣ: ಘಟನೆ ಆಗಿ 48 ಗಂಟೆಯೊಳಗೆ ತಿಳಿಸಿಲ್ಲ. ಅಂದ್ರೆ ಅಕ್ಕಿ ಡಬ್ಬ! ಮೊದಲ ದಿನವೇ ಗೊತ್ತಿತ್ತಲ್ಲ ಈ ತಾರೀಖು, ಶಿವಮೊಗ್ಗಕ್ಕೆ ಕಳ್ಸಿ, ಬಿಚ್ಚಿಸಿ, ಜ್ಯೂಸ್ ಮಾಡಿ, ಆಮೇಲೆ ಹೇಳೋದಾ.

ಸಿಟ್ಟು ಬಂದು ಅವತ್ತು ರಾತ್ರಿ ಪ್ಲಾನಿನ ನಿಯಮಗಳ ಪಿಡಿಎಫ್ ಪೂರ್ತಿ ಓದಿದೆ. ಹನ್ನೊಂದನೇ ಪುಟದಲ್ಲಿ ಗೊತ್ತಾಯ್ತು, ನಾನು ದುಡ್ಡು ಕೊಟ್ಟಿದ್ದು ಪ್ಲಾನ್ ಕಂಪನಿಗೆ, ಅವ್ರು ಹಿಂದ್ಗಡೆ ಬೇರೊಂದು ಇನ್ಶೂರೆನ್ಸ್ ಕಂಪನಿಯಿಂದ ಎಲ್ಲ ಗ್ರಾಹಕರಿಗೂ ಸೇರಿ ಒಂದು ಗ್ರೂಪ್ ಪಾಲಿಸಿ ತಗೊಂಡಿದಾರೆ. ಪ್ಲಾನ್‌ನವ್ರಿಗೆ ಕೇಳಿದ್ರೆ ನಿರ್ಧಾರ ಇನ್ಶೂರೆನ್ಸ್‌ನವ್ರದ್ದು, ಇನ್ಶೂರೆನ್ಸ್‌ನವ್ರಿಗೆ ಕೇಳಿದ್ರೆ ನೀವು ನಮ್ಮ ಕಸ್ಟಮರ್ ಅಲ್ಲ ಪ್ಲಾನ್‌ನವ್ರನ್ನ ಕೇಳಿ. ಇದು ಸುಮ್ನೆ ತಮಾಷೆ ವಿಷ್ಯ ಅಲ್ಲ, ದೂರು ಎಲ್ಲಿ ಕೊಡ್ಬೇಕು ಅನ್ನೋದೇ ಇದ್ರ ಮೇಲೆ ನಿಂತಿದೆ. ಇನ್ಶೂರೆನ್ಸ್ ಆದ್ರೆ ಮೊದ್ಲು ಆ ಕಂಪನಿಯ ದೂರು ವಿಭಾಗಕ್ಕೆ ಬರೀಬೇಕು, ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಬಿಮಾ ಭರೋಸಾ ಅನ್ನೋ ದೂರಿನ ಪೋರ್ಟಲ್ಲು ಇಲ್ಲಾ ಅವ್ರ ಸಹಾಯವಾಣಿ 155255, ಒಂದು ತಿಂಗಳು ಉತ್ರ ಇಲ್ಲ ಅಥ್ವಾ ಸಮಾಧಾನ ಇಲ್ಲ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇಂಥ ದೂರು ಕೇಳಿ ತೀರ್ಮಾನ ಮಾಡೋರು), ಕರ್ನಾಟಕಕ್ಕೆಲ್ಲ ಸೇರಿ ಆಫೀಸು ಬೆಂಗಳೂರಿನ ಜೆಪಿ ನಗರದಲ್ಲಿದೆ, ಫೀಸಿಲ್ಲ, ಲಾಯರ್ ಬೇಡ. ಬರೀ ಸರ್ವಿಸ್ ಪ್ಲಾನ್ ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲೂ ಫೀಸಿಲ್ಲ. ನಾನು 1915ಕ್ಕೂ ಹಾಕಿದೆ, ಇನ್ಶೂರೆನ್ಸ್‌ನವ್ರ ದೂರು ವಿಭಾಗಕ್ಕೂ ಮೇಲ್ ಹಾಕಿದೆ. ಮೇಲಲ್ಲಿ ಒಂದು ವಿಷ್ಯ ಸೇರಿಸ್ದೆ, ಹುಡುಕ್ತಾ ಸಿಕ್ಕಿದ್ದು: ತಡವಾಗಿ ತಿಳಿಸಿದ್ರು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನ ತಿರಸ್ಕರಿಸ್ಬಾರ್ದು ಅಂತ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ್ದೇ ಒಂದು ಸರ್ಕ್ಯುಲರ್ ಇದೆ, 20 ಸೆಪ್ಟೆಂಬರ್ 2011ರದ್ದು. ಅದನ್ನ ಅಟ್ಯಾಚ್ ಮಾಡಿ, ನಾನು ಒಂದು ದಿನ ತಡ ಮಾಡಿದ್ರಿಂದ ಫೋನೇನು ಇನ್ನೊಂದ್ಸಲ ಸಾಯ್ಲಿಲ್ಲ ಅಂತಾನೂ ಬರ್ದೆ, ಆ ಸಾಲು ಬೇಡ ಇತ್ತೇನೋ.

ಒಂಬತ್ತು ದಿನಕ್ಕೆ ಅಪ್ರೂವ್ಡ್ ಅಂತ ಬಂತು. ಸರ್ಕ್ಯುಲರ್ ಓದಿ ಆಯ್ತೋ, ಜಗಳಗಂಟ ಅಂತ ಕೊಟ್ಟು ಕಳ್ಸಿದ್ರೋ, ಯಾರೂ ಹೇಳ್ಲಿಲ್ಲ.

ಅಪ್ರೂವ್ ಅಂದ್ರೆ ಏನು ಅಂತ ಕೇಳಿ. ಎಂಟು ತಿಂಗಳು ಹಳೇ ಫೋನಿಗೆ 30 ಪರ್ಸೆಂಟ್ ಸವಕಳಿ ಕಳೆದು ಈಗಿನ ಬೆಲೆ 23,099, ರಿಪೇರಿ ಖರ್ಚು ಅದಕ್ಕಿಂತ ಜಾಸ್ತಿ, ಆದ್ರಿಂದ ರಿಪೇರಿ ಇಲ್ಲ, ಬದಲಿ ಫೋನ್ ಕೊಡ್ತೀವಿ ಇಲ್ಲಾ ಸಾವಿರ ಫೀಸ್ ಕಳೆದು ವೋಚರ್. ಹಳೇ ಫೋನ್ ಅವ್ರದ್ದಾಗತ್ತೆ. ನಂಗೆ ವೋಚರ್ ಬೇಡ ಅನ್ನಿಸ್ತು, ಬದಲಿ ಫೋನ್ ಒಪ್ಕೊಂಡೆ. ಸಂಕ್ರಾಂತಿ ಕಳೆದು ಬೆಂಗಳೂರಿನ ರೂಮಿಗೆ ಬಂತು. ನಂದು ಕಪ್ಪು, ಇದು ತಿಳಿ ನೇರಳೆ, ಅದಾದ್ರೂ ಸರಿ. ಮೂಲೇಲಿ ಸಣ್ಣ ಗೀಚು, ಅದೂ ಸರಿ, ರಿಫರ್ಬಿಷ್ಡ್ (ಬಳಸಿದ್ದನ್ನ ಸರಿಮಾಡಿ ಕೊಡೋದು) ಅಂತ ಸಣ್ಣಕ್ಷರದಲ್ಲಿ ಇತ್ತು. ಆನ್ ಮಾಡಿ ವೈಫೈ ಹಾಕಿದ್ರೆ, ಈ ಫೋನಲ್ಲಿ ಮೊದ್ಲು ಬಳಸ್ತಿದ್ದ ಗೂಗಲ್ ಅಕೌಂಟಿನ ಪಾಸ್ವರ್ಡ್ ಹಾಕಿ ಅಂತು. ಹಿಂದಿನ ಓನರ್ ಅಕೌಂಟ್ ತೆಗೀದೆ ಬರೀ ರೀಸೆಟ್ ಹೊಡ್ದಿದಾರೆ, ಕಳ್ಳರ ಕೈಗೆ ಸಿಕ್ರೆ ಉಪಯೋಗ ಆಗ್ಬಾರ್ದು ಅಂತ ಇರೋ ಲಾಕು ಅದು. ಯಾರದ್ದೋ ಫೋನು, ಎಲ್ಲೋ ಅವನೂ ನನ್ನ ಥರ ಕ್ಲೇಮ್ ಹಾಕಿ ಕೂತಿರ್ಬೇಕು. ಕಸ್ಟಮರ್ ಕೇರಿಗೆ ಹೇಳಿದ್ರೆ, ಪಾಸ್ವರ್ಡ್ ಫರ್ಗಾಟ್ ಕೊಡಿ ಸರ್ ಅಂತಾರೆ. ಅವನ ಪಾಸ್ವರ್ಡನ್ನ ನಾನು ಹೇಗೆ ಮರೀಲಿ?

ರೂಮ್‌ಮೇಟ್ ನಂಗಿಂತ ನಿಂದೇ ವಾಸಿ ಅಂದ. ಅವನ ಫೋನ್ ಮೆಜೆಸ್ಟಿಕ್ಕಲ್ಲಿ ಬಸ್ ಹತ್ತೋವಾಗ ಹೋಗಿತ್ತು, ಕಳ್ಕೊಂಡಿದ್ದಕ್ಕೆ ಪೊಲೀಸ್ನವ್ರ ಇ-ಲಾಸ್ಟಲ್ಲಿ ರಿಪೋರ್ಟ್ ಹಾಕಿದ್ದ, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ಲಿಗೆ ಹೋಗಿ ಐಎಂಇಐ ಬ್ಲಾಕೂ ಮಾಡ್ಸಿದ್ದ, ಆದ್ರೆ ಅವನ ಪಾಲಿಸಿಯವ್ರಿಗೆ ಎಫ್ಐಆರೇ ಬೇಕು, ಕಳ್ಕೊಂಡ್ರೆ ಕೊಡಲ್ಲ ಕದ್ರೆ ಮಾತ್ರ ಕೊಡ್ತೀವಿ ಅಂತ. ಕದ್ದೋನು ಹೇಳಿ ಕದೀತಾನಾ.

ಕೊನೆಗೆ ನೇರಳೆ ಫೋನ್ ವಾಪಸ್ ಕಳ್ಸಿ ವೋಚರ್ರೇ ತಗೊಂಡೆ, 22,099, ಅವ್ರ ಆ್ಯಪಲ್ಲೇ ಖರ್ಚು ಮಾಡ್ಬೇಕು, ತೊಂಬತ್ತು ದಿನದೊಳಗೆ. ಆಚೆ ಅಂಗಡಿಗಿಂತ ಅಲ್ಲಿ ಅದೇ ಮಾಡೆಲ್ಲಿಗೆ ಸಾವಿರದೈನೂರು ಜಾಸ್ತಿ. ಉಳಿದಿದ್ದು ಕೈಯಿಂದ ಹಾಕಿ ಫೆಬ್ರವರಿ ಎರಡನೇ ವಾರ ಹೊಸ ಫೋನ್ ತಗೊಂಡೆ. ಹಳೇದರಲ್ಲಿದ್ದ ಫೋಟೋಗಳು ಅರ್ಧ ಬ್ಯಾಕಪ್ ಆಗಿದ್ವು, ಆ ದೀಪಾವಳಿದು ಒಂದೂ ಆಗಿರ್ಲಿಲ್ಲ.

1915ರ ದೂರು ಏನಾಯ್ತು ಅಂತ ನೋಡಿದ್ರೆ, ಗ್ರಾಹಕರಿಗೆ ಬದಲಿ ಫೋನ್ ತಲುಪಿಸಲಾಗಿದೆ ಅಂತ ಕಂಪನಿ ಉತ್ರ ಕೊಟ್ಟು ಕ್ಲೋಸ್ ಆಗಿತ್ತು. ನೇರಳೆದು.

ಶಿವರಾತ್ರಿಗೆ ಊರಿಗೆ ಹೋದಾಗ ಅಮ್ಮ ಹೊಸ ಬಾಕ್ಸ್ ಎಲ್ಲಿ ಅಂದ್ಲು. ಕೊಟ್ಟೆ. ಸ್ಟಿಕ್ಕರಿದ್ದ ಕಡೆ ಮೂರು ಫೋಟೋ ತೆಗ್ದು ನಂಗೂ ತಂಗಿಗೂ ಮೇಲ್ ಮಾಡಿ, ಸ್ಟಿಕ್ಕರ್ ಮೇಲೆ ಅಗಲದ ಸೆಲ್ಲೋಟೇಪ್ ಹಚ್ಚಿ ಕೊಟ್ಟೆ. ಈಗ ಅದ್ರಲ್ಲೂ ಹೂಬತ್ತಿ ಇದೆ.